ಕೆಂಚನಕಟ್ಟೆಯ ಒಂದು ಸಾಲು

ಹೊಳೆದಂಡೆಯ ಆಶ್ರಮವೊಂದರಲ್ಲಿ ಶಾಂತಯ್ಯ ಅಂತ ಒಬ್ಬ ಗುರು. ಸುತ್ತಲಿನ ಇಪ್ಪತ್ತೆರಡು ಊರುಗಳಲ್ಲಿ ಆಶ್ರಮದ ಚಿಕಿತ್ಸಾಲಯಗಳಿದ್ದವು. ಒಂದೊಂದರಲ್ಲಿ ಒಬ್ಬ ನರ್ಸ್, ಪಟ್ಟಣಕ್ಕೆ ಕೊಂಡಿ ಹಾಕುವ ಒಂದು ಲಿನಕ್ಸ್ ಸರ್ವರ್. ಪಟ್ಟಣದ ಡಾಕ್ಟರು ಪರದೆಯ ಮೇಲೆ ಬಂದು ಹೇಳಿದರೆ ಮಾತ್ರ ನರ್ಸ್ ಸೂಜಿ ಮುಟ್ಟಬೇಕು, ಅದು ಅಲ್ಲಿಯ ಕಟ್ಟಳೆ. ಆ ಸರ್ವರ್‌ಗಳ ನೆಟ್‌ವರ್ಕ್ ಕಾಯುವುದೇ ಗುರುವಿನ ತಪಸ್ಸು ಅನ್ನಿ.

ಬಸ್ಸು ಹತ್ತಿ ಹೋಗಿ, ನೆಲಕ್ಕೆ ಕೂತು, ಸರ್ವರ್‌ಗೆ ಕೊಡುವ ಆಜ್ಞೆಯ ಒಂದೊಂದು ಸಾಲನ್ನೂ ಕೈಯಾರೆ ಬರೆದು ಬರುತ್ತಿದ್ದ. ಶಿಷ್ಯ ನಿಜಗುಣನಿಗೆ ಇದನ್ನು ನೋಡಿ ನೋಡಿ ರೋಸಿಹೋಗಿತ್ತು.

ನಿಜಗುಣ ಆರು ತಿಂಗಳು ಕೂತು ಒಂದು ವ್ಯವಸ್ಥೆ ಕಟ್ಟಿದ. ಒಂದೇ ಕಡೆ ಬರೆದರೆ ಸಾಕು, ಇಪ್ಪತ್ತೆರಡಕ್ಕೂ ಅದೇ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಅದು ಎಲ್ಲವನ್ನೂ ತಡವಿ ನೋಡಿ, ಎಲ್ಲಾದರೂ ಬೇರೆ ಸಾಲು ಕಂಡರೆ ಪಟ್ಟಿಯಲ್ಲಿ ಆ ಊರಿನ ಹೆಸರನ್ನು ಕೆಂಪು ಮಾಡಿ, ಮುಂದಿನ ಸುತ್ತಿನಲ್ಲಿ ಆ ಸಾಲನ್ನು ಅಳಿಸಿ ಹಾಕುತ್ತದೆ.

ಎಲ್ಲ ಸರ್ವರ್‌ಗಳ ಕೀಲಿ ಒಂದು ಪೆನ್‌ಡ್ರೈವಿನಲ್ಲಿತ್ತು. ಅದು ಗುರುವಿನ ಕೊರಳ ದಾರದಲ್ಲಿತ್ತು. ಇಪ್ಪತ್ತೆರಡೂ ನಿನ್ನ ಮಾತು ಕೇಳಿದ ದಿನ ಇದು ನಿನ್ನದು ಅಂತ ಗುರು ಹೇಳಿದ್ದ. ನಿಜಗುಣನಿಗೆ ಬೇಕಾಗಿದ್ದುದೂ ಅದೊಂದೇ.

ಸೋಮವಾರ ಬೆಳಿಗ್ಗೆ ಗುರುವೇ ಆ ಕೀಲಿ ಹಾಕಿ ಸರ್ವರ್‌ಗಳ ಬಾಗಿಲು ತೆಗೆದುಕೊಟ್ಟ. ಶಿಷ್ಯ ಗುಂಡಿ ಒತ್ತಿದ. ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರೂ ಹಸಿರಾದವು.

"ಒಂದೊಂದು ಊರನ್ನೂ ಕೇಳಿಕೊಂಡೆಯಾ?" ಎಂದ ಗುರು.

"ಮಷೀನನ್ನು ಏನು ಕೇಳುವುದು ಅಯ್ಯಾ?" ಎಂದ ಶಿಷ್ಯ.

ಗುರು ಮತ್ತೆ ಮಾತಾಡಲಿಲ್ಲ. ಆಡಬೇಕಿತ್ತು.

ಮಂಗಳವಾರ ಕೆಂಚನಕಟ್ಟೆಯಿಂದ ಚೀಟಿ ಬಂತು. ಅದು ಮೊಬೈಲ್ ಹತ್ತದ ಊರು, ಬಸ್ಸಿನ ಕಂಡಕ್ಟರನೇ ಟಪಾಲು. ಡಾಕ್ಟರ ಮುಖ ಕಾಣುತ್ತಿಲ್ಲ ಅಂತ ನರ್ಸ್ ದ್ರಾಕ್ಷಾಯಣಿ ಬರೆದಿದ್ದಳು. ನಿಜಗುಣ ಪಟ್ಟಿ ತೋರಿಸಿದ. ಹಸಿರೇ ಇತ್ತು. ಗುರು ಚೀಲ ಹೆಗಲಿಗೇರಿಸಿ ಅದೇ ಬಸ್ಸು ಹತ್ತಿದ.

ಮಧ್ಯಾಹ್ನ ಕೆಂಚನಕಟ್ಟೆ ಕೆಂಪಾಯಿತು. ನಿಜಗುಣ ತೆರೆದು ನೋಡಿದ. ಒಂದೇ ಒಂದು ಸಾಲು ಹೆಚ್ಚಾಗಿತ್ತು. ಯಾರು ಬರೆದದ್ದೆಂದು ಅವನಿಗೆ ಗೊತ್ತು. ವ್ಯವಸ್ಥೆಯನ್ನು ಆ ಊರಿನ ಮಟ್ಟಿಗೆ ನಿಲ್ಲಿಸಲು ಒಂದು ಗುಂಡಿ ಸಾಕಿತ್ತು, ಕೈ ಅದರ ಹತ್ತಿರವೇ ಇತ್ತು.

ಮುದುಕನಿಗೂ ಒಂದು ಪಾಠವಾಗಲಿ ಅಂದುಕೊಂಡ. ಇಂಥ ಹಾಳು ಯೋಚನೆ ಬರುವುದಕ್ಕೆ ಆರು ತಿಂಗಳ ದುಡಿಮೆ, ಒಂದಿಷ್ಟು ಹಮ್ಮು ಇದ್ದರೆ ಸಾಕು. ಅರ್ಧ ಗಂಟೆ ಕಳೆಯಿತು. ಪಟ್ಟಿ ಮತ್ತೆ ಪೂರ್ತಿ ಹಸಿರಾಯಿತು. ನಿಜಗುಣ ಊಟಕ್ಕೆ ಹೋದ.

ಅಷ್ಟು ಹೊತ್ತಿಗೆ ಗುರು, ಡಾಕ್ಟರ ಮುಖ ಪರದೆಯ ಮೇಲೆ ಕಂಡಿತೆಂದು ಸಮಾಧಾನಪಟ್ಟು, ವ್ಯವಸ್ಥೆ ತನ್ನ ಸಾಲನ್ನು ಅಳಿಸೀತೆಂದು ತಿಳಿಯದೆ, ಹಿಂದಿರುಗುವ ಬಸ್ಸಿನಲ್ಲಿ ಕೂತಿದ್ದ.

ಬುಧವಾರ ಅದೇ ಕಂಡಕ್ಟರ್ ಬಂದ. ಈ ಸಲ ಚೀಟಿ ಇರಲಿಲ್ಲ, ಬಾಯಲ್ಲೇ ಹೇಳಿದ. ನಿನ್ನೆ ಸಂಜೆ ಕುರಿ ಕಾಯುವ ಯಮನವ್ವನಿಗೆ ಹಾವು ಕಚ್ಚಿತ್ತಂತೆ. ಮದ್ದು ಕಪಾಟಿನಲ್ಲೇ ಇತ್ತಂತೆ. ದ್ರಾಕ್ಷಾಯಣಿ ಪರದೆಯ ಮುಂದೆ ಮುಕ್ಕಾಲು ಗಂಟೆ ಡಾಕ್ಟರನ್ನು ಕೂಗಿದ್ದಾಳೆ. ಕೊನೆಗೆ ಕಟ್ಟಳೆ ಮುರಿದು ತಾನೇ ಸೂಜಿ ಚುಚ್ಚಿದಳಂತೆ, ಆಗ ತಡವಾಗಿತ್ತು.

ನಿಜಗುಣ ಪರದೆಯತ್ತ ಕೈ ತೋರಿಸಿದ. "ಪಟ್ಟಿ ಹಸಿರಿತ್ತಲ್ಲ ಅಯ್ಯಾ" ಎಂದ.

ಗುರು ವಿವರಿಸಿದ. ಆ ಊರಿನ ನೇರ ಲೈನು ಸತ್ತೇ ಎರಡು ವರ್ಷ. ಹಸಿರು ತೋರಿಸುವಷ್ಟು ಉಸಿರು ಅದರಲ್ಲಿದೆ, ಡಾಕ್ಟರ ಮುಖ ತರುವಷ್ಟಿಲ್ಲ. ಅದಕ್ಕೇ ಆಚೆ ದಡದ ಶಾಲೆಯ ಇಂಟರ್‌ನೆಟ್ ಟವರಿನ ಮೂಲಕ ದಾರಿ ತಿರುಗಿಸುವ ಸಾಲೊಂದನ್ನು ಅಲ್ಲಿ ಆಗಲೇ ಬರೆದಿದ್ದ. ಸೋಮವಾರ ವ್ಯವಸ್ಥೆ ಅಳಿಸಿದ್ದು ಅದನ್ನೇ, ಮಂಗಳವಾರ ಅವನು ಮತ್ತೆ ಬರೆದು ಬಂದದ್ದೂ ಅದನ್ನೇ.

"ಅದನ್ನು ನನಗೆ ಯಾಕೆ ಹೇಳಲಿಲ್ಲ?"

"ಎಲ್ಲೂ ಬರೆದಿಡಲಿಲ್ಲ. ನನ್ನ ತಲೆಯೊಳಗಿದ್ದರೆ ಸಾಕು ಅಂದುಕೊಂಡೆ. ಆ ಹೆಣದ ಭಾರದಲ್ಲಿ ನನ್ನ ಪಾಲೂ ಇದೆ."

ಅಷ್ಟಕ್ಕೇ ಬಿಟ್ಟಿದ್ದರೆ ಶಿಷ್ಯ ಬದುಕಿಕೊಳ್ಳುತ್ತಿದ್ದ. ಆದರೆ ಅವನಿಗೆ ತಡೆಯಲಾಗಲಿಲ್ಲ.

"ಅದು ಕೆಂಪಾದದ್ದನ್ನು ನೋಡಿದ್ದೆ. ನಿಮ್ಮ ಸಾಲೆಂದು ಗೊತ್ತಿತ್ತು. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ."

 ಗುರು ತನ್ನ ಕೊರಳಿನಿಂದ ಪೆನ್‌ಡ್ರೈವಿನ ದಾರ ತೆಗೆದು ಶಿಷ್ಯನ ಕೊರಳಿಗೆ ಹಾಕಿದ. ನಿಜಗುಣ ಬೇಡವೆಂದು ಕೈ ಅಡ್ಡ ಹಿಡಿದ. ಗುರು ಆ ಕೈಯನ್ನು ಸರಿಸಿ ಗಂಟು ಬಿಗಿದ.

"ಇಟ್ಟುಕೋ. ಇನ್ನು ಇಪ್ಪತ್ತೆರಡೂ ನೀನು ಹೇಳಿದ್ದನ್ನಷ್ಟೇ ಕೇಳುತ್ತವೆ."