ವರ್ಷವಿಲ್ಲದ ಬಟ್ಟಲು

“ಕೇಳಿರಪ್ಪೋ ಕೇಳಿರಿ! ಫ್ರೆಂಚರ ಹಡಗಿನಲ್ಲಿ ಬಂದ ವೈನಿನ ಮೂರು ಒಗಟು ಬಿಡಿಸಿದವನಿಗೆ ಅರಮನೆಯ ನೆಲಮಾಳಿಗೆಯ ಬೀಗದಕೈ, ಜೊತೆಗೆ ಅವನು ಬೇಡಿದ್ದೊಂದು ವಸ್ತು! ಸೋತವನ ತಲೆ ಉಳಿಯದು!”

ಕೋಡಿಗಲ್ಲಿನ ಅರಸ ವೀರಮಲ್ಲ ಹೀಗೆ ಡಂಗುರ ಹೊಡೆಸಿದ. ಹೊಟ್ಟೆ ತುಂಬಿದವರಿಗೆ ಹೊತ್ತು ಹೋಗಬೇಕಲ್ಲ! ಹತ್ತೊಂಬತ್ತು ಮಂದಿ ಬಂದರು, ಹತ್ತೊಂಬತ್ತು ತಲೆ ಉರುಳಿದವು. ಕೊನೆಯದು ಬಟ್ಟಲು ತೊಳೆಯುವ ಉಡಚಪ್ಪನ ಅಣ್ಣನದು. ಹಲ್ಲುನೋವೆಂದು ಲವಂಗ ಕಚ್ಚಿಕೊಂಡೇ ಸಭೆಗೆ ಹೋಗಿದ್ದ ಪಾಪದವನು. ಆ ದಿನವೂ ಉಡಚಪ್ಪ ಬಟ್ಟಲು ತೊಳೆದ. ತೊಳೆಯದೆ ಗತಿಯಿರಲಿಲ್ಲ.

ಇಪ್ಪತ್ತನೆಯವನು ಜರತಾರಿ ಪೇಟದ ವ್ಯಾಪಾರಿ. ಮೊದಲೆರಡು ಒಗಟನ್ನು ಹೇಗೋ ದಾಟಿದ. ಹೂಜಿಯೊಂದರಿಂದ ತುಂಬಿದ ಮೂರನೆಯ ಬಟ್ಟಲು ಬಂತು.

“ಇದಕ್ಕೆ ಒಂದು ತೋಟವಿಲ್ಲ, ಒಂದು ವರ್ಷವಿಲ್ಲ. ಕುಡಿಯುವವರು ಬಂದಷ್ಟೂ ಹೂಜಿಯಲ್ಲಿ ಹೆಚ್ಚುತ್ತದೆ. ಏನಿದು?” ಎಂದ ಅರಸ.

ವ್ಯಾಪಾರಿ ಎರಡು ಗುಟುಕು ಕುಡಿದು ಹಲ್ಲುಗಿಂಜಿದ. “ತಮ್ಮ ಕೀರ್ತಿ, ಪ್ರಭು!”

ಅವನನ್ನು ಎಳೆದುಕೊಂಡು ಹೋದರು.

ಕಂಬದ ಮರೆಯಿಂದ ಉಡಚಪ್ಪ ಮುಂದೆ ಬಂದ. “ನಾ ಹೇಳತೇನ್ರಿ.”

ಸಭೆ ನಕ್ಕಿತು. ಅಣ್ಣನನ್ನು ಕೊಂದ ಒಗಟಿನ ಉತ್ತರ ತಿಳಿಯದೆ ಬದುಕುವುದು ಅವನಿಗೆ ಆಗುತ್ತಿರಲಿಲ್ಲ. ಹನ್ನೆರಡು ವರ್ಷ ಬಟ್ಟಲು ತೊಳೆದರೂ ವೈನಿನ ಒಂದು ತೊಟ್ಟೂ ಯಾರೂ ಕೊಟ್ಟವರಲ್ಲ. ಬಟ್ಟಲ ತಳದಲ್ಲಿ ಉಳಿದದ್ದನ್ನು ಮೂಸಿ, ಬೆರಳದ್ದಿ ನೆಕ್ಕಿಯೇ ಕಲಿತವನು.

ಅರಸ ಎರಡು ಬಟ್ಟಲು ಇಡಿಸಿದ. “ಒಂದೇ ಬಳ್ಳಿಗೆ ಹುಟ್ಟಿದ ಅಣ್ಣತಮ್ಮಂದಿರು ಇವರು. ಬಾಯಿಗೆ ಹಚ್ಚದೆ ಹಿರಿಯನನ್ನು ತೋರಿಸು.”

ಉಡಚಪ್ಪ ಹೆಗಲ ಮೇಲಿನ ಬಿಳಿ ಅರಿವೆ ಹಾಸಿ, ಅದರ ಮೇಲೆ ಬಟ್ಟಲು ಓರೆ ಮಾಡಿದ. “ಎಡಗಡೀದು ಅಣ್ಣ. ವಯಸ್ಸಾದಂಗ ಕೆಂಪು ಮಾಸಿ ಅಂಚು ಇಟ್ಟಂಗಿ ಬಣ್ಣಕ್ಕ ತಿರಗತೈತ್ರಿ.”

“ಸರಿ. ಈ ಇನ್ನೊಂದರ ವರ್ಷ ಆಕಾಶ ಅತ್ತಿತೋ, ಕಣ್ಣು ಒಣಗಿಸಿಕೊಂಡು ಕೂತಿತೋ?”

ಉಡಚಪ್ಪ ಒಂದು ಗುಟುಕು ಬಾಯಲ್ಲಿ ಆಡಿಸಿದ. “ಮಳಿ ಬಂದಿಲ್ರಿ. ಬರದ ವರ್ಷ ಹಣ್ಣು ಸಣ್ಣವು, ಸಿಪ್ಪಿ ದಪ್ಪ. ಒಗರೆಲ್ಲ ಸಿಪ್ಪಿಯೊಳಗ. ಅದಕ್ಕ ನಾಲಗಿ ಹಿಡಕೊಂಡೈತಿ.”

ಸಭೆಯ ನಗು ನಿಂತಿತು. ಮೂರನೆಯ ಬಟ್ಟಲಿನೊಂದಿಗೆ ಅದೇ ಹಳೆಯ ಪ್ರಶ್ನೆ ಬಂತು. ಉಡಚಪ್ಪ ಕುಡಿದ. ಹಳತೂ ಹೊಸತೂ, ಮಳೆಯೂ ಬಿಸಿಲೂ ಕಲಸಿಹೋಗಿದ್ದವು. ನಡುವೆ ಏನೋ ಚೂರು ಹಲ್ಲಿಗೆ ಸಿಕ್ಕಿತು. ಕಚ್ಚಿದ. ಲವಂಗ!

ಅವನ ಕಣ್ಣು ತುಂಬಿ ಬಂತು, ಮೈಯೆಲ್ಲ ಉರಿಯಿತು.

“ಇದು ಸತ್ತವರ ಎಂಜಲು, ದೊರೆ. ನೀವು ಕುಡಿದ ಬಟ್ಟಲದಾಗ ತಳಕ್ಕ ಒಂದೀಟಾದರೂ ಉಳದು ಬರತಿತ್ತು. ಸೋತವರ ಬಟ್ಟಲ ಮಾತ್ರ ಖಾಲಿ ಬರತಿದ್ದವು. ತಲಿ ಹೋಗಾಂವ ಪೂರಾ ಕುಡೀತಾನೇನ್ರಿ? ಉಳದದ್ದನ್ನೆಲ್ಲ ಈ ಹೂಜಿಗೆ ಸುರುವಿಸೀರಿ. ಒಂದು ಬಟ್ಟಲ ತಗದರ ಮೂರು ಬಟ್ಟಲದ ಉಳಿಕಿ ಒಳಗ ಬೀಳತೈತಿ. ಅದಕ್ಕ ಹೆಚ್ಚತೈತಿ. ಇದರಾಗ ನನ್ನ ಅಣ್ಣ ಅದಾನ.”

ಅರಸ ತೊಡೆ ತಟ್ಟಿ ನಕ್ಕ. “ಭಲೆ! ನನ್ನ ಒಗಟು ಬಿಡಿಸುವವನು ಒಬ್ಬನಾದರೂ ಸಿಕ್ಕ!” ನಾಚಿಕೆ ಎಂಬುದು ಅವನ ಹತ್ತಿರವೂ ಸುಳಿಯಲಿಲ್ಲ. ಬೀಗದಕೈ ಕೊಟ್ಟು ಕೇಳಿದ, “ಇನ್ನೇನು ಬೇಕು?”

“ಆ ಹೂಜಿ.”

ಕೋಟೆಯ ಹಿಂದೆ ಇಪ್ಪತ್ತು ಮಣ್ಣಿನ ದಿಬ್ಬಗಳಿದ್ದವು, ಒಂದು ಇನ್ನೂ ಹಸಿ. ಗೆದ್ದ ಸಂತೋಷ ಉಡಚಪ್ಪನಿಗೆ ಎಳ್ಳಷ್ಟೂ ಇರಲಿಲ್ಲ. ಅಣ್ಣನ ಗುಟುಕು ಯಾವುದೆಂದು ಬೇರೆ ಮಾಡುವುದು ಹೇಗೆ? ಇಪ್ಪತ್ತೂ ದಿಬ್ಬಕ್ಕೆ ಸಮನಾಗಿ ಹೊಯ್ದ. ಬೀಗದಕೈಯನ್ನು ಹೂಜಿಯೊಳಗೆ ಹಾಕಿ, ಅದನ್ನು ತೊಳೆಯದೆ ಅಲ್ಲೇ ಬಿಟ್ಟು ಊರ ದಾರಿ ಹಿಡಿದ.