ರಸವನ್ನು ಅರೆದ ವೈದ್ಯ

“ನನ್ನ ರಾಜ್ಯದಲ್ಲಿ ಒಂದು ಮಾತಿಗೆ ಒಂದೇ ಅರ್ಥ!” ಎಂದು ಬಮ್ಮದೇವ ಮಹಾರಾಜ ಸಿಂಹಾಸನವನ್ನು ಗುದ್ದಿದ.

ಗುದ್ದಿಗೆ ಕಾರಣ ಮುದಿವೈದ್ಯ ಮಾಚಯ್ಯ. ರಾಣಿಯ ಕೆಮ್ಮಿಗೆ ಮದ್ದು ಹೇಳುತ್ತ, “ರಸವನ್ನು ಬೆಳ್ಳುಳ್ಳಿ ಜೊತೆ ಅರೆದು, ಬಟ್ಟೇಲಿ ಸೋಸಿ, ಶುದ್ಧಿ ಮಾಡಿ ಕೊಡ್ತೀನಿ” ಎಂದಿದ್ದ. ಅವನು ಹೇಳಿದ್ದು ಪಾದರಸದ ಮಾತು. ರಾಜಗುರು ವಾಮಶಕ್ತಿಗಳು ಕಿವಿ ಮುಚ್ಚಿಕೊಂಡರು.

“ಶಿವ ಶಿವಾ! ವೇದದಲ್ಲಿ ರಸ ಅಂದರೆ ಪರಮಾತ್ಮ. ಈ ಮುದುಕ ಅವನನ್ನು ಬೆಳ್ಳುಳ್ಳಿ ಹಾಕಿ ಅರೀತಾನಂತೆ!”

“ಅರೆಯದೆ ಕೊಟ್ಟರೆ ಹೊಟ್ಟೆಗೆ ಆಗೋಲ್ಲ, ಗುರುಗಳೇ.”

ಅಲ್ಲಿಗೆ ಕೆಟ್ಟಿತು. ಒಬ್ಬರಿಗೊಂದು, ಇನ್ನೊಬ್ಬರಿಗೆ ಮತ್ತೊಂದು ಆಗುವಂಥದ್ದು ಯಾವುದೂ ಈ ರಾಜ್ಯದಲ್ಲಿ ಇರಕೂಡದು ಎಂದು ಅಪ್ಪಣೆಯಾಯಿತು. ಸಂಜೆಯೊಳಗೆ ಮಾಚಯ್ಯ ಗಡಿ ದಾಟಬೇಕು. ಅಪ್ಪಣೆಯನ್ನು ಕಲ್ಲಿನಲ್ಲಿ ಕೊರೆಸುವ ಕೆಲಸ ಆಸ್ಥಾನದ ಬರಹಗಾರ ನಾಕಿಮಯ್ಯನ ತಲೆಗೆ ಬಿತ್ತು.

ನಾಕಿಮಯ್ಯನಿಗೆ ಮುದುಕನ ಮೇಲೆ ಪ್ರೀತಿ. ಅವನು ಹೋದರೆ ಊರಿನ ಕೆಮ್ಮಿಗೆಲ್ಲ ಗುರುಗಳ ವಿಭೂತಿಯೇ ಗತಿ ಎಂಬ ಭಯವೂ ಇತ್ತು.

ಮಧ್ಯಾಹ್ನ ನಾಕಿಮಯ್ಯ ಕಲ್ಲುಕುಟಿಗ ಹೊನ್ನೋಜನನ್ನು ಕಲ್ಲಿನ ಸಮೇತ ಸಭೆಗೇ ಕರೆತಂದ. ಗಂಟು ಕಟ್ಟಿಕೊಂಡ ಮಾಚಯ್ಯನೂ ಬಾಗಿಲ ಬಳಿ ನಿಂತಿದ್ದ.

“ಪ್ರಭು, ಶಾಸನದಲ್ಲಿ ಮೊದಲು ತಮ್ಮ ಬಿರುದುಗಳು ಬರಬೇಕು. ಓದಿ ಹೇಳಲೇ?”

ರಾಜ ಮೀಸೆ ತಿರುವಿದ. “ಓದು, ಓದು. ಒಂದೂ ಬಿಡಬೇಡ.”

“ಶತ್ರುಗಳಿಗೆ ಸಿಂಹ, ಶರಣು ಬಂದವರಿಗೆ ವಜ್ರಪಂಜರ, ಬಡವರಿಗೆ ಕಾಮಧೇನು, ಪರನಾರಿಯರಿಗೆ ಸಹೋದರ...” ಹನ್ನೆರಡೂ ಮುಗಿದವು. ಅದರ ಕೆಳಗೆ ಬರಬೇಕಾದ ಅಪ್ಪಣೆಯನ್ನೂ ಅದೇ ಉಸಿರಿನಲ್ಲಿ ಓದಿ ನಾಕಿಮಯ್ಯ ತಲೆ ಕೆರೆದುಕೊಂಡ.

“ಏನಯ್ಯಾ?”

“ಸಣ್ಣ ತೊಡಕು, ಪ್ರಭು. ತಾವೂ ಒಬ್ಬರಿಗೊಂದು, ಇನ್ನೊಬ್ಬರಿಗೆ ಮತ್ತೊಂದು; ಅಪ್ಪಣೆಯ ಪ್ರಕಾರ ಒಂದೇ ಬಿರುದು ಉಳಿಯಬೇಕು. ಸಿಂಹವನ್ನು ಇಟ್ಟುಕೊಂಡರೆ ಕಾಮಧೇನುವನ್ನು ಹೊರಗಟ್ಟಬೇಕು. ಕಾಮಧೇನುವೊಂದನ್ನೇ ಇಟ್ಟುಕೊಂಡರೆ ಪಕ್ಕದ ರಾಜ ತಂಬಿಗೆ ಹಿಡಿದು ಹಾಲು ಕರೆಯೋಕೆ ಬರ್ತಾನೆ. ಯಾವುದಿರಲಿ?”

“ನನ್ನ ಅಜ್ಜನ ಕಾಲದಿಂದ ಬಂದ ಬಿರುದುಗಳು! ಹನ್ನೆರಡೂ ಇರಲಿ!”

“ಇರಲಿ, ಪ್ರಭು.” ನಾಕಿಮಯ್ಯ ಕೈ ಮುಗಿದ. “ಹಾಗಾದರೆ ಇನ್ನೊಂದೇ ಮಾತು. ಮಾಚಯ್ಯನಿಗೆ ಸಂಜೆಗೆ ಎತ್ತಿನ ಗಾಡಿ ಹೇಳಿದ್ದೇನೆ. ತಮಗೆ ಬೇರೆ ಗಾಡಿ ಹೇಳಲೋ, ಇಬ್ಬರೂ ಅದರಲ್ಲೇ ಹೋಗ್ತೀರೋ?”

ಹೊನ್ನೋಜ ಉಳಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ರಾಜನ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ ಕುಲುಕಿತು.

“ಮಾಚಯ್ಯಾ, ಹೋಗಿ ಅರೆಯಯ್ಯಾ!” ಎಂದ, ನಗು ತಡೆಯಲಾರದೆ. “ಗುರುಗಳು ಅತ್ತ ನೋಡದಿದ್ದರಾಯಿತು. ಯಾರಲ್ಲಿ! ಆ ಗಾಡಿಗೆ ಭತ್ತ ತುಂಬಿಸಿ ಬೇಗ ನಾಕಿಮಯ್ಯನ ಮನೆಗೆ ಹೊಡೀರಿ. ಖಾಲಿ ನಿಂತಿದ್ದರೆ ಇವನು ನನ್ನನ್ನೇ ಹತ್ತಿಸಿಬಿಟ್ಟಾನು!”