ಸಭೆಯಲ್ಲಿ ನಕ್ಕ ಕರ್ಣ

ಹೊಳೆದಂಡೆಯ ಮಠದ ಗೋಡೆಗೆ ಕರ್ಣನ ಕಥೆ ಬರೆಯಬೇಕಿತ್ತು. ಚಿತ್ರಗಾರ ಮೌನಪ್ಪಾಚಾರ್ಯರು ಆ ಕೆಲಸವನ್ನು ಶಿಷ್ಯ ನಿಂಗರಾಜನಿಗೆ ಒಪ್ಪಿಸಿದರು.

ಅವನು ಕವಚ ಕೊಯ್ದು ಕೊಡುವ ಕರ್ಣನನ್ನು ಬರೆದ. ಹೂತ ರಥದ ಗಾಲಿ ಎತ್ತುವ ಕರ್ಣನನ್ನೂ ಬರೆದ. ನೋಡಿದವರ ಕಣ್ಣು ತುಂಬಿ ಬಂತು.

ನಡುವಿನ ಗೋಡೆ ಮಾತ್ರ ಬೆಳ್ಳಗೇ ಉಳಿಯಿತು. ಅಲ್ಲಿ ಬರಬೇಕಾದದ್ದು ದ್ರೌಪದಿಯನ್ನು ಸಭೆಗೆ ಎಳೆದು ತಂದ ದಿನ. ಅಂದು ಕರ್ಣ ಅವಳನ್ನು ಹೀಯಾಳಿಸಿ ನಕ್ಕಿದ್ದ.

ನಿಂಗರಾಜನಿಗೆ ಅದನ್ನು ಬರೆಯಲು ಮನಸ್ಸು ಬರಲಿಲ್ಲ. ಹೊಳೆಯವರೆಗೆ ಹೋಗುವನು, ಗೋಡೆಯ ಮುಂದೆ ಬಂದು ನಿಲ್ಲುವನು, ಮತ್ತೆ ಹೊಳೆಗೆ ಹೋಗುವನು.

"ಗುರುಗಳೇ, ಆ ದಿನವನ್ನು ಬಿಟ್ಟುಬಿಡೋಣ."

"ನಾವು ಬಿಟ್ಟರೆ ಅದು ನಡೆಯದೆ ಹೋಗುತ್ತದೆಯೇ?"

ಅವನು ತಲೆ ತಗ್ಗಿಸಿ ಕುಳಿತ ಕರ್ಣನನ್ನು ಬರೆದ. ಆಚಾರ್ಯರು ಒದ್ದೆ ಬಟ್ಟೆಯಿಂದ ಒರೆಸಿದರು.

"ಅಂದು ಅವನು ತಲೆ ತಗ್ಗಿಸಲಿಲ್ಲ."

ನಿಂಗರಾಜ ಸಿಟ್ಟಿನಿಂದ ಕರ್ಣನಿಗೆ ಕೆಂಗಣ್ಣು, ಕೋರೆಹಲ್ಲು ಬರೆದ. ಆಚಾರ್ಯರು ಅದನ್ನೂ ಒರೆಸಿದರು.

"ಇವನು ಯಾರೋ ರಾಕ್ಷಸ. ನಮ್ಮ ಕರ್ಣ ಎಲ್ಲಿ?"

"ಅಷ್ಟು ಕೊಟ್ಟವನು ಹಾಗೆ ನಕ್ಕನೆಂದರೆ ನನಗೆ ನಂಬಲಾಗುವುದಿಲ್ಲ!" ಎಂದು ನಿಂಗರಾಜ ಕುಂಚ ಬಿಸಾಡಿದ.

ಅದೇ ದಿನ ಊರಿನ ಧಣಿ ದೇಸಾಯರು ಕೆಲಸ ನೋಡಲು ಬಂದರು. ಹೆತ್ತವರು ಯಾರೆಂದು ತಿಳಿಯದ ನಿಂಗರಾಜನಿಗೆ ಹತ್ತು ಜನರ ಮುಂದೆ ಶಾಲು ಹೊದಿಸಿ, "ಇವನು ನಮ್ಮವನು" ಎಂದಿದ್ದವರು ಅವರು.

ಮೂಲೆಯಲ್ಲಿ ತುಳಜವ್ವ ಬಣ್ಣ ಅರೆಯುತ್ತಿದ್ದಳು. ಗಂಡ ಬಿಟ್ಟುಹೋದವಳು.

ದೇಸಾಯರು ಅವಳತ್ತ ನೋಡಿ, "ಇವಳ ಮುಖಕ್ಕೂ ಒಂದಿಷ್ಟು ಬಳಿಯಿರಿ, ಓಡಿಹೋದ ಗಂಡ ತಿರುಗಿ ಬಂದಾನು" ಎಂದರು.

ನಿಂಗರಾಜ ನಕ್ಕ. "ಅಷ್ಟು ಬಣ್ಣ ನಮ್ಮಲ್ಲಿಲ್ಲ, ಧಣಿ" ಎಂದ.

ದೇಸಾಯರು ಅವನ ಬೆನ್ನು ಚಪ್ಪರಿಸಿದರು. ತುಳಜವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದಳು. ಆಚಾರ್ಯರು ಸುಣ್ಣ ಸೋಸುತ್ತಲೇ ಇದ್ದರು.

ಮರುದಿನ ಅವಳು ಬರಲಿಲ್ಲ.

"ನನಗೆ ಮರ್ಯಾದೆ ಕೊಟ್ಟವರು ಅವರು," ಎಂದ ನಿಂಗರಾಜ, ಯಾರೂ ಕೇಳದಿದ್ದರೂ. "ಅವರ ಮಾತಿಗೆ ನಗದಿದ್ದರೆ ಹೇಗೆ?"

"ಇದನ್ನು ಅವಳ ಮನೆಯ ಮುಂದೆ ನಿಂತು ಹೇಳಿ ಬಾ" ಎಂದರು ಆಚಾರ್ಯರು.

ಅವನು ಹೋದ. ತುಳಜವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ.

"ತಪ್ಪಾಯಿತು, ಅವ್ವ."

ಅವಳು ಮೊರ ಕೆಳಗಿಟ್ಟಳು.

"ದೇಸಾಯರ ಬಾಯಿ ಊರಿಗೇ ಗೊತ್ತು. ನೀನು ಜ್ವರ ಬಂದು ಮಲಗಿದಾಗ ಗಂಜಿ ಕಾಸಿ ತಂದವಳು ನಾನು. ನೀನು ಯಾಕೆ ನಕ್ಕೆಯಪ್ಪ?"

ಅವಳು ಮತ್ತೆ ಮೊರ ಎತ್ತಿಕೊಂಡಳು.

"ಹೋಗು. ನಾನು ಇನ್ನು ಅಲ್ಲಿಗೆ ಬರುವುದಿಲ್ಲ."

ನಿಂಗರಾಜ ಮಠಕ್ಕೆ ಮರಳಿದ. ತಾನೇ ಕೂತು ಬಣ್ಣ ಅರೆದ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಆಮೇಲೆ ನಡುವಿನ ಗೋಡೆಯ ಮುಂದೆ ನಿಂತ.

ಈ ಸಲ ಕರ್ಣನಿಗೆ ಕೋರೆಹಲ್ಲಿರಲಿಲ್ಲ. ಕವಚ ಕೊಟ್ಟವನ ಅದೇ ಚೆಲುವಾದ ಮುಖ, ಕಿವಿಯಲ್ಲಿ ಹೊಳೆಯುವ ಕುಂಡಲ. ಅವನು ನಗುತ್ತಿದ್ದ. ಆದರೆ ಕಣ್ಣು ದ್ರೌಪದಿಯ ಮೇಲಿರಲಿಲ್ಲ. ಗೆಳೆಯ ದುರ್ಯೋಧನನಿಗೆ ಸಂತೋಷವಾಯಿತೇ ಎಂದು ಅವನ ಮುಖವನ್ನೇ ನೋಡುತ್ತಿದ್ದ.

ಆಚಾರ್ಯರು ಹತ್ತಿರ ಬಂದು ನೋಡಿದರು. ಒದ್ದೆ ಬಟ್ಟೆಗೆ ಕೈ ಹಾಕಲಿಲ್ಲ.

"ಗುರುಗಳೇ," ಎಂದ ನಿಂಗರಾಜ, "ಇವನಿಗೆ ಕೈಮುಗಿಯಲು ಆಗುತ್ತಿಲ್ಲ. ಇವನನ್ನು ದೂರ ಇಡಲೂ ಆಗುತ್ತಿಲ್ಲ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ."

"ಹಾಗಾದರೆ ಚಿತ್ರ ಮುಗಿದಿದೆ. ಕುಂಚ ತೊಳೆದಿಡು."